ಎಂಜಿನ್ ಸಿಗುತ್ತದೆ, ಹಿಂಬಾಗಿಲ ಗಾಜು ಸಿಗುವುದಿಲ್ಲ: ಹಳೆಯ ಅಮೆರಿಕನ್ ಸ್ಟೇಷನ್ ವ್ಯಾಗನ್ ಕೊಳ್ಳುವವರಿಗೆ

ಮಿಷಿಗನ್‌ಗೆ ಬಂದ ಎರಡನೇ ವರ್ಷ ನಾನು ಮೊದಲ ಸಲ ಒಂದು ವ್ಯಾಗನ್ ನೋಡಲು ಹೋದೆ. ಬದಿಯುದ್ದಕ್ಕೂ ಮರದ ಬಣ್ಣದ ಪಟ್ಟಿ, ಒಳಗೆ ದಿವಾನದಂಥ ಸೀಟು. ಮಾಲೀಕರು ವಯಸ್ಸಾದವರು, ಆಯಿಲ್ ಬದಲಿಸಿದ ಪ್ರತಿಯೊಂದು ರಸೀದಿಯನ್ನೂ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಕೀಲಿ ತಿರುಗಿಸಿದ್ದೇ ತಡ ಎಂಜಿನ್ ಶುರುವಾಯಿತು. ನಾನು ಆಗಲೇ ದುಡ್ಡು ಕೊಡುವ ಮಾತಿಗೆ ಬಂದಿದ್ದೆ. ಜೊತೆಗೆ ಬಂದಿದ್ದ ಗೆಳೆಯ ಮಾತ್ರ ಒಂದು ಹಳೆಯ ಬೆಡ್‌ಶೀಟ್ ಹಾಸಿಕೊಂಡು ಕಾರಿನ ಕೆಳಗೆ ತೂರಿದ. ಹಿಂದಿನ ಚಕ್ರದ ಮೇಲೆ ಚಾಸಿ, ಅಂದರೆ ಕಾರಿನ ತಳದ ಕಬ್ಬಿಣದ ಚೌಕಟ್ಟು, ಬಿಲ್ಲಿನಂತೆ ಬಾಗುವ ಜಾಗವಿದೆಯಲ್ಲ, ಅಲ್ಲಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ. ಠಣ್ ಅನ್ನಬೇಕಾಗಿದ್ದ ಕಬ್ಬಿಣ ಟಪ್ ಅಂದಿತು. ತುದಿಯಿಂದ ಒತ್ತಿದ, ಹಪ್ಪಳ ಮುರಿದ ಹಾಗೆ ತುಕ್ಕಿನ ಪದರ ಉದುರಿ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಆ ಕಾರನ್ನು ನಾವು ಕೊಳ್ಳಲಿಲ್ಲ.

ಅವತ್ತಿನಿಂದ ವ್ಯಾಗನ್ ನೋಡುವ ನನ್ನ ಕ್ರಮವೇ ಬದಲಾಯಿತು. ಕನ್ನಡ ಕೂಟದಲ್ಲಿ ಪರಿಚಯವಾದ ಎಷ್ಟೋ ಮನೆಯವರು ಕಾರು ನೋಡಲು ನನ್ನನ್ನು ಕರೆದುಕೊಂಡು ಹೋಗಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಎಂಜಿನ್ ಎಷ್ಟು ದಿನ ಬರುತ್ತದೆ? ಹಳೆಯ ಅಮೆರಿಕನ್ ವ್ಯಾಗನ್ನಿನ ಮಟ್ಟಿಗೆ ಅದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಇವುಗಳ ಎಂಜಿನ್ನು, ಗೇರ್‌ಬಾಕ್ಸು ಬೇರೆ ಲಕ್ಷಾಂತರ ಕಾರುಗಳಲ್ಲೂ ಇದ್ದವು; ಇವತ್ತಿಗೂ ಬಿಡಿಭಾಗ ಸಿಗುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಸಿಗದಿರುವುದು ಎರಡು: ತುಕ್ಕು ತಿಂದ ಚಾಸಿಗೆ ಬದಲಿ, ಮತ್ತು ವ್ಯಾಗನ್ನಿಗೆ ಮಾತ್ರ ಸೇರಿದ ಭಾಗಗಳು, ಅಂದರೆ ಹಿಂಬಾಗಿಲು, ಅದರ ಗಾಜು, ರಬ್ಬರ್ ಬೀಡಿಂಗ್, ಮೂರನೇ ಸಾಲಿನ ಸೀಟು.

ಊರಲ್ಲಿ 1992ರಲ್ಲಿ ಬಂದ ಟಾಟಾ ಎಸ್ಟೇಟ್ ನೆನಪಿರುವವರಿಗೆ ವ್ಯಾಗನ್ ಅಂದರೇನು ಅಂತ ಹೇಳಬೇಕಿಲ್ಲ. ಚಾವಣಿ ಡಿಕ್ಕಿಯವರೆಗೂ ಚಾಚಿದ ಕಾರು. ಅಮೆರಿಕದಲ್ಲಿ ಮಿನಿವ್ಯಾನ್ ಮತ್ತು ಎಸ್‌ಯುವಿ ಬರುವ ಮುಂಚೆ ಮಕ್ಕಳೊಂದಿಗರ ಮನೆಯ ಗಾಡಿ ಇದೇ ಆಗಿತ್ತು.

ಮೊದಲು: ಯಾವ ವ್ಯಾಗನ್ ಅಂತ ತೀರ್ಮಾನಿಸಿ

ಇವತ್ತು ಮಾರಾಟಕ್ಕೆ ಬರುವವುಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮೂರು ಗುಂಪು.

ಒಂದು, ಜನರಲ್ ಮೋಟಾರ್ಸ್‌ನ ದೊಡ್ಡಣ್ಣಂದಿರು: 1991ರಿಂದ 1996ರ ಮಾಡೆಲ್‌ಗಳ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಮತ್ತು ಷೆವರ್ಲೆ ಕ್ಯಾಪ್ರಿಸ್ ವ್ಯಾಗನ್, ಜೊತೆಗೆ 1991-92ರಲ್ಲಿ ಮಾತ್ರ ಬಂದ ಓಲ್ಡ್ಸ್‌ಮೊಬೀಲ್ ಕಸ್ಟಮ್ ಕ್ರೂಸರ್. ಐದೂವರೆ ಮೀಟರ್ ಉದ್ದ, ಸುಮಾರು ಎರಡು ಟನ್ ತೂಕ, ಎಂಟು ಜನರಿಗೆ ಜಾಗ. ಬಿಡಿ ಚಾಸಿಯ ಮೇಲೆ ಬಾಡಿ ಕೂರಿಸಿದ, ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಹಳೆಯ ಪದ್ಧತಿ. ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆ 1996ರ ಕೊನೆಗೆ ಇವನ್ನು ನಿಲ್ಲಿಸಿ ಎಸ್‌ಯುವಿ, ಟ್ರಕ್ಕುಗಳ ಕಡೆ ತಿರುಗಿತು.

ಎರಡು, 2005ರಿಂದ 2008ರ ಡಾಡ್ಜ್ ಮ್ಯಾಗ್ನಮ್. ಮೂರು, ಫೋರ್ಡ್ ಟಾರಸ್ ವ್ಯಾಗನ್. 1986ರಲ್ಲಿ ಶುರುವಾಗಿ 2005ರ ಮಾಡೆಲ್‌ಗೆ ಮುಗಿದದ್ದು, ಎಲ್ಲಕ್ಕಿಂತ ಅಗ್ಗ.

ನನ್ನನ್ನು ಕೇಳಿದರೆ ಪ್ರೀತಿಗೆ ರೋಡ್‌ಮಾಸ್ಟರ್, ದಿನಬಳಕೆಗೆ ಮ್ಯಾಗ್ನಮ್ ಅನ್ನುತ್ತೇನೆ. ಸಣ್ಣ ಮಕ್ಕಳಿದ್ದು ಇರುವುದು ಇದೊಂದೇ ಕಾರು ಅನ್ನುವ ಮನೆಗೆ ಮಾತ್ರ 30 ವರ್ಷ ಹಳೆಯ ರೋಡ್‌ಮಾಸ್ಟರ್ ಬೇಡ. ಇವತ್ತಿನ ಕಾರುಗಳಲ್ಲಿರುವ ಸುರಕ್ಷತೆ ಅದರಲ್ಲಿಲ್ಲ.

ಎರಡನೆಯದು: ಮನೆಯಲ್ಲೇ ಕೂತು ಮಾಡಬೇಕಾದ ಕೆಲಸ

ಮಾರುವವರಿಂದ ವಿನ್ ನಂಬರ್ ತರಿಸಿಕೊಳ್ಳಿ, ಅಂದರೆ ವಾಹನದ 17 ಅಕ್ಷರಗಳ ಗುರುತು ಸಂಖ್ಯೆ. ಅದನ್ನು ಕೊಡಲು ಹಿಂದೆಮುಂದೆ ನೋಡುವವರ ಕಾರಿನ ಆಸೆ ಬಿಟ್ಟುಬಿಡಿ. ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: ಆರ್ ಅಂದರೆ 1994, ಎಸ್ ಅಂದರೆ 1995, ಟಿ ಅಂದರೆ 1996. ಎಂಟನೆಯದು ಎಂಜಿನ್ ಹೇಳುತ್ತದೆ. ಈ ಮೂರು ವರ್ಷಗಳ ರೋಡ್‌ಮಾಸ್ಟರ್‌ನಲ್ಲಿ ಅಲ್ಲಿ ಪಿ ಇದ್ದರೆ ಅದು 260 ಅಶ್ವಶಕ್ತಿಯ 5.7 ಲೀಟರ್ ಎಲ್‌ಟಿ1.

ಆ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ, ಬಾಕಿ ಉಳಿದ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಕೊಟ್ಟ ಕರೆ, ಇದೆಯೇ ನೋಡಿ. ಮ್ಯಾಗ್ನಮ್ ಕೊಳ್ಳುವವರು ಇದನ್ನು ತಪ್ಪಿಸಲೇಬಾರದು. ಟಕಾಟ ಕಂಪನಿಯ ಏರ್‌ಬ್ಯಾಗ್ ಬದಲಿಸದ 2005ರಿಂದ 2010ರವರೆಗಿನ ಮ್ಯಾಗ್ನಮ್, ಚಾರ್ಜರ್, ಚಾಲೆಂಜರ್, ಕ್ರೈಸ್ಲರ್ 300 ಕಾರುಗಳನ್ನು ಓಡಿಸಲೇಬೇಡಿ ಎಂದು ಕಾರು ಕಂಪನಿಯೇ 2022ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಆ ಏರ್‌ಬ್ಯಾಗ್ ಸಿಡಿದರೆ ಲೋಹದ ಚೂರುಗಳು ಚಾಲಕರ ಮುಖಕ್ಕೇ ಬರುತ್ತವೆ. ಡೀಲರ್ ಅದನ್ನು ಪುಕ್ಕಟೆಯಾಗಿ ಬದಲಿಸಿಕೊಡುತ್ತಾರೆ. ಬದಲಿಸಿದ್ದು ಖಾತ್ರಿಯಾಗುವವರೆಗೆ ಟೆಸ್ಟ್ ಡ್ರೈವ್ ಕೂಡ ಬೇಡ.

ಕಾರು ಕಳವಿನದೋ, ಇನ್ಷೂರೆನ್ಸ್‌ನವರು ಸಾಲ್ವೇಜ್ (ರಿಪೇರಿಗೆ ಲಾಯಕ್ಕಿಲ್ಲ) ಅಂತ ಬರೆದದ್ದೋ ಎಂಬುದನ್ನು ವಿಮಾ ಕಂಪನಿಗಳ ಸಂಸ್ಥೆ ಎನ್‌ಐಸಿಬಿಯ ವಿನ್‌ಚೆಕ್ ತಾಣ ಬಿಟ್ಟಿಯಾಗಿ ತೋರಿಸುತ್ತದೆ. ಟೈಟಲ್‌ನ, ಅಂದರೆ ಮಾಲೀಕತ್ವದ ಪತ್ರದ, ಇತಿಹಾಸಕ್ಕೆ ಎನ್‌ಎಂವಿಟಿಐಎಸ್ ಎಂಬ ಸರ್ಕಾರಿ ದಾಖಲೆಕೋಶದ ವರದಿ ತರಿಸಿ, ಕೆಲವೇ ಡಾಲರ್ ಆಗುತ್ತದೆ. ಸಾಲ್ವೇಜ್, ರೀಬಿಲ್ಟ್ (ಜಖಂ ಆದ ಮೇಲೆ ಮತ್ತೆ ಕಟ್ಟಿದ್ದು), ಫ್ಲಡ್ (ನೆರೆಯಲ್ಲಿ ಮುಳುಗಿದ್ದು) ಎಂಬ ಪದಗಳಲ್ಲಿ ಯಾವುದಾದರೂ ಕಂಡರೆ ಅಲ್ಲಿಗೆ ಬಿಡಿ. ಇನ್ನೊಂದು ವಿಷಯ: 2010 ಅಥವಾ ಅದಕ್ಕೂ ಹಳೆಯ ಮಾಡೆಲ್‌ನ ಕಾರು ಮಾರುವಾಗ ಎಷ್ಟು ಮೈಲಿ ಓಡಿದೆ ಎಂದು ಬರೆದುಕೊಡಬೇಕೆಂಬ ಕೇಂದ್ರದ ನಿಯಮ ಈಗ ಅನ್ವಯಿಸುವುದಿಲ್ಲ. ಮೀಟರಿನಲ್ಲಿ 80,000 ಕಂಡ ಮಾತ್ರಕ್ಕೆ ನಂಬಬೇಡಿ. ಹಳೆಯ ರಸೀದಿಗಳಲ್ಲಿ ಬರೆದ ಮೈಲಿಗಳ ಜೊತೆ ತಾಳೆ ನೋಡಿ.

ಕಾರು ಯಾವ ರಾಜ್ಯದಲ್ಲಿ ಬಾಳಿದೆ ಎನ್ನುವುದೂ ಆ ವರದಿಯಲ್ಲೇ ಗೊತ್ತಾಗುತ್ತದೆ. ಮಿಷಿಗನ್, ಓಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಹತ್ತಿ ಬೇಸಿಗೆಯಲ್ಲೂ ಕಬ್ಬಿಣ ತಿನ್ನುತ್ತಲೇ ಇರುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೊ ಕಡೆಯ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ಮರದ ಪಟ್ಟಿ ಬಿಸಿಲಿಗೆ ಸುಕ್ಕುಗಟ್ಟಿರುತ್ತದೆ, ಆದರೆ ತಳ ಗಟ್ಟಿಯಿರುತ್ತದೆ. ಎರಡರಲ್ಲಿ ಒಂದು ಆರಿಸುವುದಾದರೆ ಬಿರಿದ ಡ್ಯಾಶ್‌ಬೋರ್ಡಿನದ್ದೇ ಸರಿ. ಸಾಗಣೆಗೆ ಸಾವಿರ ಡಾಲರ್ ಹೆಚ್ಚಾದರೂ ಅದು ವ್ಯರ್ಥವಲ್ಲ.

ಮೂರನೆಯದು: ಕೆಳಗೆ ತೂರಿ

ಟಾರ್ಚ್, ಸಣ್ಣ ಆಯಸ್ಕಾಂತ, ಸ್ಕ್ರೂಡ್ರೈವರ್, ಹಾಸಲು ಒಂದು ಬಟ್ಟೆ ತೆಗೆದುಕೊಂಡು ಹೋಗಿ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ವ್ಯಾಗನ್ ಎತ್ತರ ಸಾಲದಿದ್ದರೆ ಗ್ಯಾರೇಜಿನ ಲಿಫ್ಟ್‌ಗೆ ಒಯ್ಯಿರಿ.

ಹಿಂದಿನ ಚಕ್ರಗಳ ಮೇಲಿನ ಚಾಸಿಯ ಬಾಗು, ಬಾಡಿ ಚಾಸಿಗೆ ಕೂರುವ ರಬ್ಬರ್ ಬುಷ್‌ಗಳ ಜಾಗ, ಹಿಂದಿನ ಆಕ್ಸಲ್‌ನ ತೋಳುಗಳು ಸೇರುವ ಕಡೆ, ಇವನ್ನೆಲ್ಲ ತಟ್ಟಿ ನೋಡಿ. ಮೇಲ್ಮೈಯ ಕಂದು ಬಣ್ಣಕ್ಕೆ ಹೆದರಬೇಕಿಲ್ಲ. ಪದರಪದರವಾಗಿ ಏಳುವುದು ಕೆಟ್ಟದ್ದು. ಇತ್ತೀಚೆಗೆ ಬಳಿದ ಕಪ್ಪು ಡಾಂಬರಿನಂಥ ಲೇಪ ಕಂಡರೆ ಅದರ ಕೆಳಗೇನಿದೆ ಎಂದು ಅನುಮಾನಿಸಿ. ಬಳಿಕ ಬ್ರೇಕಿನ ಮತ್ತು ಪೆಟ್ರೋಲಿನ ಉಕ್ಕಿನ ಕೊಳವೆಗಳು ಹಿಂದಕ್ಕೆ ಸಾಗುವ ದಾರಿಯುದ್ದಕ್ಕೂ ಟಾರ್ಚ್ ಬಿಡಿ. ಈ ಕೊಳವೆ ಉದ್ದದ್ದು, ಒದ್ದೆ ಕೂತ ಕಡೆಯೇ ತೂತಾಗುತ್ತದೆ. ಬ್ರೇಕ್ ತುಳಿದಾಗ ಪೆಡಲ್ ನೆಲಕ್ಕೆ ಹೋಗುವುದು ಹೀಗೆಯೇ.

ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಚಕ್ರದ ಕಮಾನಿನ ಅಂಚಿಗೆ, ಬಾಗಿಲುಗಳ ಕೆಳಗಡೆಗೆ ಹಿಡಿಯಿರಿ. ಅಂಟದಿದ್ದರೆ ಅಲ್ಲಿ ಲೋಹದ ಬದಲು ಪುಟ್ಟಿ ತುಂಬಿದ್ದಾರೆ.

ನಾಲ್ಕನೆಯದು: ವ್ಯಾಗನ್ನಿನ ಬೆನ್ನು

ಇಲ್ಲಿ ಅರ್ಧ ಗಂಟೆ ಕೊಡಿ. ರೋಡ್‌ಮಾಸ್ಟರ್‌ನ ಹಿಂಬಾಗಿಲು ಎರಡು ರೀತಿ ತೆರೆಯುತ್ತದೆ: ಮನೆ ಬಾಗಿಲಿನಂತೆ ಪಕ್ಕಕ್ಕೆ, ಲಾರಿಯ ಹಿಂಬದಿ ಹಲಗೆಯಂತೆ ಕೆಳಕ್ಕೆ. ಗಾಜು ಪ್ರತ್ಯೇಕವಾಗಿ ಮೇಲಕ್ಕೆ ಏಳುತ್ತದೆ. ಮೂರನ್ನೂ ಐದೈದು ಸಲ ಮಾಡಿ ನೋಡಿ. ಪಕ್ಕಕ್ಕೆ ತೆರೆದಾಗ ಬಾಗಿಲು ಜೋತರೆ ಕೀಲು ಸವೆದಿದೆ. ಎತ್ತಿದ ಗಾಜು ತಾನೇ ಇಳಿದರೆ ಗ್ಯಾಸ್ ರಾಡ್ ಸತ್ತಿದೆ; ಅದು ಸುಲಭದ ರಿಪೇರಿ. ಗಾಜು ಒಡೆದಿದ್ದರೆ ಮಾತ್ರ ಗುಜರಿಯಿಂದ ಗುಜರಿಗೆ ಅಲೆಯಬೇಕು.

ಆಮೇಲೆ ಬೀಡಿಂಗ್. ಒಂದು ಡಾಲರ್ ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಸರಿಯಿದೆ; ಬೆಣ್ಣೆಯಂತೆ ಜಾರಿ ಬಂದರೆ ಸಂದು ಬಿಟ್ಟಿದೆ. ಬಾಗಿಲ ಸುತ್ತ ಹತ್ತು ಕಡೆ ಹೀಗೆ ಮಾಡಿ. ಇದು ಮಳೆನೀರಿಗಷ್ಟೇ ಸಂಬಂಧಿಸಿದ್ದಲ್ಲ. ಓಡುವ ವ್ಯಾಗನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ಅಲ್ಲೇ ಸುಳಿಯುತ್ತದೆ. ಸಂದು ಸಿಕ್ಕರೆ ಕಾರಿನ ಒಳಗೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಹಿಂದಕ್ಕೆ ಮುಖ ಮಾಡಿದ ಮೂರನೇ ಸಾಲಿನಲ್ಲಿ ಕೂರುವವರು ಯಾರ ಮಕ್ಕಳು ಎಂದು ಯೋಚಿಸಿ. ಹಿಂಬಾಗಿಲ ಗಾಜು ತೆರೆದಿಟ್ಟು ಓಡಿಸುವ ಅಭ್ಯಾಸವೂ ಇದೇ ಕಾರಣಕ್ಕೆ ಬೇಡ.

ಮೂರನೇ ಸೀಟನ್ನು ಎತ್ತಿ ಮಡಚಿ, ಬೆಲ್ಟುಗಳನ್ನು ಪೂರ್ತಿ ಎಳೆದು ನೋಡಿ. ಬದಿಯ ಪ್ಯಾನೆಲ್ ತೆಗೆದು ಸ್ಟೆಪ್ನಿ ಇರುವ ಗೂಡಿಗೆ ಕೈಹಾಕಿ; ಒದ್ದೆ ತಗಲಿದರೆ ಚಾವಣಿಯ ಕ್ಯಾರಿಯರ್ ಬೋಲ್ಟಿನಿಂದಲೋ ಚಾವಣಿಯಲ್ಲಿರುವ ಗಾಜಿನ ಅಂಚಿನಿಂದಲೋ ನೀರು ಇಳಿಯುತ್ತಿದೆ.

ಕೊನೆಗೆ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ. ಖಾಲಿಯಿದ್ದೂ ಹಿಂಭಾಗ ಕುಸಿದಿದ್ದರೆ ಸ್ಪ್ರಿಂಗ್ ದಣಿದಿದೆ, ಇಲ್ಲವೇ ಗಾಳಿ ತುಂಬುವ ಹಿಂದಿನ ಶಾಕ್‌ಗಳು ಸೋರುತ್ತಿವೆ. ಟ್ರೇಲರ್ ಕೊಕ್ಕೆ ಸವೆದು ಹೊಳೆಯುತ್ತಿದ್ದರೆ ದೋಣಿಯನ್ನೋ ಕ್ಯಾಂಪರ್ ಗಾಡಿಯನ್ನೋ ಎಳೆದಿದ್ದಾರೆ. ಟೋಯಿಂಗ್ ಪ್ಯಾಕೇಜ್ ಇದ್ದ ರೋಡ್‌ಮಾಸ್ಟರ್ 5,000 ಪೌಂಡ್ ಎಳೆಯಬಲ್ಲದು. ಆ ಭಾರ ಹೊತ್ತದ್ದು ಗೇರ್‌ಬಾಕ್ಸ್.

ಐದನೆಯದು: ತಣ್ಣಗಿರುವಾಗಲೇ ಶುರು ಮಾಡಿಸಿ

ನಾವು ಬರುವ ಮುಂಚೆ ಎಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಬೆಲೆ ಮಾತಾಡುವುದಿಲ್ಲವೇ? ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಎಲ್‌ಟಿ1 ಎಂಜಿನ್ ಗಟ್ಟಿಮುಟ್ಟು. ಬೀಡುಕಬ್ಬಿಣದ ಬ್ಲಾಕ್, ವ್ಯಾಗನ್ನುಗಳಲ್ಲಿ ಹೆಡ್ ಕೂಡ ಬೀಡಿನದೇ. ಇದರ ದೌರ್ಬಲ್ಯ ಆಪ್ಟಿಸ್ಪಾರ್ಕ್ ಎಂಬ ಡಿಸ್ಟ್ರಿಬ್ಯೂಟರ್, ಅಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಸಾಧನ. ಬೇರೆ ಎಂಜಿನ್‌ಗಳಲ್ಲಿ ಮೇಲೆ, ಒಣ ಜಾಗದಲ್ಲಿರುವ ಇದನ್ನು ಇಲ್ಲಿ ಎಂಜಿನ್ನಿನ ಮುಂಭಾಗದಲ್ಲಿ, ವಾಟರ್ ಪಂಪಿನ ಕೆಳಗೆ ಇಟ್ಟಿದ್ದಾರೆ. ಪಂಪಿನ ಸೀಲ್ ಸವೆದರೆ ಕೂಲೆಂಟ್ ನೇರ ಅದರ ಮೇಲೆ ತೊಟ್ಟಿಕ್ಕುತ್ತದೆ. ಒಳಗೆ ಬೆಳಕಿನ ಸೆನ್ಸರ್ ಇರುವ ಸೂಕ್ಷ್ಮ ಸಾಧನ, ತೇವ ತಾಳುವುದಿಲ್ಲ. ಮಳೆಯ ದಿನ ಎಂಜಿನ್ ಮುಕ್ಕರಿಸುವುದು, ಬಿಸಿಯಾದ ಮೇಲೆ ತಟ್ಟನೆ ನಿಲ್ಲುವುದು ಇದರ ಲಕ್ಷಣ. ಬದಲಿಸಬೇಕೆಂದರೆ ಮೊದಲು ಪಂಪು ಬಿಚ್ಚಬೇಕು, ಕೂಲಿಯೇ ದುಬಾರಿ.

ನೋಡುವ ಬಗೆ ಇಷ್ಟೆ: ಟಾರ್ಚ್ ಬಿಟ್ಟು, ಸಣ್ಣ ಕನ್ನಡಿ ಹಿಡಿದು ಪಂಪಿನ ಕೆಳಗೆ ಕೂಲೆಂಟ್ ಒಣಗಿದ ಕಲೆಯಿದೆಯೇ ಗಮನಿಸಿ. ಇದ್ದರೆ ಪಂಪು ಮತ್ತು ಆಪ್ಟಿಸ್ಪಾರ್ಕ್ ಎರಡರ ಖರ್ಚನ್ನೂ ಬೆಲೆಯಲ್ಲಿ ಮುರಿದುಕೊಳ್ಳಿ. ಈಗಾಗಲೇ ಬದಲಿಸಿದ ರಸೀದಿಯಿದ್ದರೆ ಕಾರಿನ ಮೌಲ್ಯ ಹೆಚ್ಚುತ್ತದೆ. ಈ ಎಂಜಿನ್ನಿನಲ್ಲಿ ಕೂಲೆಂಟ್ ಮೊದಲು ಹೆಡ್‌ಗೆ ಹೋಗಿ ಆಮೇಲೆ ಬ್ಲಾಕಿಗೆ ಇಳಿಯುತ್ತದೆ, ಸಾಮಾನ್ಯ ಎಂಜಿನ್ನಿಗೆ ತಿರುವುಮುರುವು. ತುಂಬಿಸುವಾಗ ಗಾಳಿ ತೆಗೆಯುವ ತಿರುಪು ಬಿಚ್ಚದಿದ್ದರೆ ಗುಳ್ಳೆ ಸಿಕ್ಕಿಕೊಂಡು ಎಂಜಿನ್ ಬಿಸಿಯೇರುತ್ತದೆ. ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಕೊಡುವ ಮುಂಚೆ ಇದನ್ನು ಹೇಳಿ.

1991ರ 5.0 ಲೀಟರ್ ಮತ್ತು 1992-93ರ 5.7 ಲೀಟರ್ ಎಂಜಿನ್‌ಗಳಿಗೆ ಈ ತಾಪತ್ರಯವಿಲ್ಲ. ಶಕ್ತಿ 170, 180 ಅಶ್ವಶಕ್ತಿ ಅಷ್ಟೆ, ಆದರೆ ಡಿಸ್ಟ್ರಿಬ್ಯೂಟರ್ ಹಿಂದುಗಡೆ ಒಣಗಿರುತ್ತದೆ. ಅವಸರವಿಲ್ಲದ ಮನೆಗೆ 1992-93ರದ್ದು ಒಳ್ಳೆಯ ಆಯ್ಕೆ ಎಂದು ನನ್ನ ಅಭಿಪ್ರಾಯ. ಒಂದೇ ಎಚ್ಚರಿಕೆ: ಇವುಗಳ ಗೇರ್‌ಬಾಕ್ಸಿಗೆ ಥ್ರಾಟಲ್‌ನಿಂದ ಒಂದು ಕೇಬಲ್ ಹೋಗುತ್ತದೆ, ಅದು ಸಡಿಲವಾಗಿದ್ದು ಹಾಗೇ ಓಡಿಸಿದರೆ ಒಳಗಿನ ಕ್ಲಚ್ಚುಗಳು ಸುಟ್ಟುಹೋಗುತ್ತವೆ.

ಕಾರಿನ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಇಟ್ಟುಕೊಂಡವರಿಗೆ ಒಂದು ಮಾತು. 1995ರ ರೋಡ್‌ಮಾಸ್ಟರ್‌ನಲ್ಲಿ ಕನೆಕ್ಟರ್ ನೋಡಲು ಇಂದಿನ ಕಾರುಗಳದ್ದರ ಹಾಗೇ ಇದೆ, ಆದರೆ ಮಾಮೂಲಿ ಓಬಿಡಿ-2 ಸ್ಕ್ಯಾನರ್ ಅದನ್ನು ಓದುವುದಿಲ್ಲ. 1996ರದ್ದನ್ನು ಓದುತ್ತದೆ.

ಆರನೆಯದು: ಓಡಿಸಿ, ಗೇರ್‌ಬಾಕ್ಸ್ ಮಾತು ಕೇಳಿ

1994 ಮತ್ತು ನಂತರದ ರೋಡ್‌ಮಾಸ್ಟರ್‌ಗಳದ್ದು 4ಎಲ್60-ಇ ಗೇರ್‌ಬಾಕ್ಸ್. ಕಡಿಮೆಯೆಂದರೂ ಅರ್ಧ ಗಂಟೆ, ಹೈವೇ ಸೇರಿಸಿ ಓಡಿಸಿ. ಇದರ ಕಾಯಿಲೆ ಬಿಸಿಯಾದ ಮೇಲೇ ಹೊರಬೀಳುವುದು. ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಎಂಜಿನ್ ಸುಮ್ಮನೆ ರೊಯ್ಯೆಂದು ಏರಿ ಆಮೇಲೆ ಹಿಡಿದರೆ ಮೂರು-ನಾಲ್ಕರ ಕ್ಲಚ್ ಮುಗಿಯುತ್ತಾ ಬಂದಿದೆ. ರಿವರ್ಸ್, ಎರಡು, ನಾಲ್ಕು ಒಟ್ಟಿಗೇ ಇಲ್ಲವಾದರೆ ಒಳಗಿನ ಸನ್ ಶೆಲ್ ಮುರಿದಿದೆ. ಕಡ್ಡಿ ಎಳೆದು ಆಯಿಲ್ ನೋಡಿ: ಕೆಂಪಗಿರಬೇಕು, ಸುಟ್ಟ ವಾಸನೆ ಬರಬಾರದು. ಇದೇ ಗೇರ್‌ಬಾಕ್ಸ್ ಷೆವರ್ಲೆ ಪಿಕಪ್‌ಗಳಲ್ಲೂ ಇದ್ದುದರಿಂದ ರೀಬಿಲ್ಡ್ ಮಾಡುವವರು ಪ್ರತಿ ಊರಲ್ಲಿದ್ದಾರೆ. ಹಾಗಾಗಿ ಗೇರ್‌ಬಾಕ್ಸ್ ಸೋತಿದ್ದರೂ ಚಾಸಿ ಗಟ್ಟಿಯಿರುವ ಕಾರನ್ನು ಬೆಲೆ ಇಳಿಸಿ ಕೊಳ್ಳಬಹುದು. ಅದಕ್ಕೆ ಉಲ್ಟಾ ಕಾರನ್ನು ಬಿಟ್ಟಿ ಕೊಟ್ಟರೂ ಬೇಡ.

ಸ್ಟೀರಿಂಗ್ ನಡುವೆ ಎರಡು ಬೆರಳು ಆಟ ಇದ್ದರೆ ಐಡ್ಲರ್ ಆರ್ಮ್, ಬಾಲ್ ಜಾಯಿಂಟ್ ನೋಡಿಸಿ. ಎಸಿ ತಣ್ಣಗಾಗದಿದ್ದರೆ ಬಾನೆಟ್ ಕೆಳಗಿನ ಚೀಟಿ ಓದಿ. ಆರ್-12 ಎಂದಿದ್ದರೆ ಆ ಅನಿಲ ಈಗ ತಯಾರಾಗುವುದಿಲ್ಲ, ಆರ್-134ಎಗೆ ಬದಲಾಯಿಸುವ ಖರ್ಚು ಸೇರಿಸಿಕೊಳ್ಳಿ. ಟೈರಿನ ಬದಿಯಲ್ಲಿ ಡಾಟ್ ಎಂಬ ಗುರುತಿನ ಕೊನೆಯ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ: 2319 ಅಂದರೆ 2019ರ 23ನೇ ವಾರ.

ಮ್ಯಾಗ್ನಮ್, ಟಾರಸ್ ಕೊಳ್ಳುವವರಿಗೆ

ಮ್ಯಾಗ್ನಮ್‌ನ 2.7 ಲೀಟರ್ ಎಂಜಿನ್ ಬೇಡವೇ ಬೇಡ. ಆಯಿಲ್ ಒಳಗೇ ಗಟ್ಟಿಯಾಗಿ ಕೆಸರಾಗುವುದಕ್ಕೆ ಅದು ಹೆಸರುವಾಸಿ. ವಾಟರ್ ಪಂಪು ಎಂಜಿನ್ನಿನ ಒಳಗೆ ಟೈಮಿಂಗ್ ಚೈನ್‌ನಿಂದ ತಿರುಗುವುದರಿಂದ ಅದು ಸೋರಿದರೆ ಕೂಲೆಂಟ್ ಆಯಿಲ್‌ಗೂ ಸೇರಬಹುದು. 3.5 ಲೀಟರ್ ಒಳ್ಳೆಯದು, ಆದರೆ ಅದಕ್ಕಿರುವುದು ಟೈಮಿಂಗ್ ಬೆಲ್ಟ್. ಸುಮಾರು 1,00,000 ಮೈಲಿಗೆ ಬದಲಿಸಿದ ರಸೀದಿ ಕೇಳಿ. ಬೆಲ್ಟ್ ತುಂಡಾದರೆ ವಾಲ್ವು ಪಿಸ್ಟನ್‌ಗೆ ಬಡಿಯುತ್ತದೆ. 5.7 ಲೀಟರಿನ ಹೆಮಿ ಎಂಬ ಎಂಜಿನ್ನಿನಲ್ಲಿ ತಣ್ಣಗಿರುವಾಗ ಟಿಕ್ ಟಿಕ್ ಕೇಳಿಸಿದರೆ ಹೆಚ್ಚಿನ ಸಲ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ಮುರಿದಿರುತ್ತದೆ. ಹಿಂದೆ ಒಮ್ಮೆಯಾದರೂ ಓವರ್‌ಹೀಟ್ ಆದ ಹೆಮಿ ಬೇಡ, ವಾಲ್ವ್ ಸೀಟ್ ಕಳಚಿ ಬೀಳುವ ಭಯವಿದೆ. ಹೆಮಿಗೆ 16 ಸ್ಪಾರ್ಕ್ ಪ್ಲಗ್ ಎಂಬುದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ. ಮುಂದಿನ ಸಸ್ಪೆನ್ಷನ್ ತೋಳುಗಳ ಬುಷ್ ಬೇಗ ಸವೆಯುತ್ತದೆ, ಒರಟು ರಸ್ತೆಯಲ್ಲಿ ಓಡಿಸಿ ಸದ್ದು ಕೇಳಿ.

ಟಾರಸ್‌ನಲ್ಲಿ ವಿನ್‌ನ ಎಂಟನೇ ಅಕ್ಷರ 4 ಆಗಿದ್ದರೆ ಅದು 3.8 ಲೀಟರ್, ಹೆಡ್ ಗ್ಯಾಸ್ಕೆಟ್ ಸೋರುವುದಕ್ಕೆ ಕುಖ್ಯಾತ. ಯು ಇದ್ದರೆ 3.0 ವಲ್ಕನ್, ಅದನ್ನೇ ಹುಡುಕಿ. ವಲ್ಕನ್ ಶುರುವಾದಾಗ ಗುಬ್ಬಚ್ಚಿ ಚಿಲಿಪಿಲಿಯಂಥ ಸದ್ದು ಬಂದರೆ ಕ್ಯಾಮ್ ಸಿಂಕ್ರೊನೈಸರ್ ಒಣಗಿದೆ. ಆಯಿಲ್ ಪಂಪು ತಿರುಗುವುದು ಅದರಿಂದಲೇ. ಅದು ಹಿಡಿದುಕೊಂಡರೆ ಎಂಜಿನ್ ಹೋಯಿತು. ಬದಲಿ ಭಾಗ ಅಗ್ಗ, ಉದಾಸೀನ ಮಾಡಬೇಡಿ. ಉಪ್ಪಿನ ರಾಜ್ಯಗಳ ಟಾರಸ್‌ಗಳಲ್ಲಿ ಮುಂದಿನ ಕಾಯಿಲ್ ಸ್ಪ್ರಿಂಗ್ ಮುರಿದು ಟೈರು ಸೀಳಿದ್ದುಂಟು.

ಹೊಸದು ಬೇಕೆನ್ನುವವರು 2018ರಿಂದ 2020ರ ಬ್ಯೂಕ್ ರೀಗಲ್ ಟೂರ್‌ಎಕ್ಸ್ ನೋಡುತ್ತಾರೆ. ಹೆಸರು ಬ್ಯೂಕ್ ಆದರೂ ಅದು ಜರ್ಮನಿಯ ರುಸ್ಸೆಲ್ಸ್‌ಹೈಮ್‌ನಲ್ಲಿ ತಯಾರಾದ ಓಪೆಲ್. ಓಪೆಲ್ಲನ್ನು ಜನರಲ್ ಮೋಟಾರ್ಸ್ 2017ರಲ್ಲೇ ಮಾರಿಬಿಟ್ಟಿತು. ಎಂಜಿನ್ ಚಿಂತೆಯಿಲ್ಲ. ಬಾಡಿಯ ಭಾಗ ಹುಡುಕುವುದೇ ಕಷ್ಟ, ಹಾಗಾಗಿ ಬಂಪರ್, ಹಿಂಬಾಗಿಲು, ಗಾಜಿಗೆ ಪೆಟ್ಟಾಗಿದ್ದ ಕಾರನ್ನು ಮಾತ್ರ ಬಿಡಿ.

ಏಳನೆಯದು: ಕಾಗದ, ದುಡ್ಡು, ಮೊದಲ ತಿಂಗಳು

ಮನಸ್ಸಿಗೆ ಹಿಡಿಸಿದ ಮೇಲೂ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟಿನಲ್ಲಿ ಎತ್ತಿಸಿ ನೋಡಿಸಿ. ಡೀಲರ್ ಬಳಿಯಾದರೆ ಗಾಜಿಗೆ ಅಂಟಿಸಿದ ಬೈಯರ್ಸ್ ಗೈಡ್ ಓದಿ. ಆ್ಯಸ್ ಈಸ್ ಎಂದಿದ್ದರೆ ಗೇಟು ದಾಟಿದ ಮೇಲೆ ಖರ್ಚು ನಿಮ್ಮದೇ, ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಟೈಟಲ್‌ನಲ್ಲಿರುವ ಹೆಸರು ಮಾರುವವರ ಗುರುತಿನ ಚೀಟಿಯಲ್ಲೂ ಇರಬೇಕು, ಬ್ಯಾಂಕಿನ ಸಾಲ ಉಳಿದಿರಬಾರದು. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ (ಹೊಗೆ) ಪರೀಕ್ಷೆ ಕಡ್ಡಾಯ, ಆ ಪ್ರಮಾಣಪತ್ರ ಮಾರುವವರೇ ಕೊಡಬೇಕು.

ಇಟ್ಟ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ; ಮೂರರಲ್ಲೊಂದು ಪಾಲು ಕೈಯಲ್ಲಿರಲಿ. ಮೊದಲ ತಿಂಗಳಲ್ಲೇ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಕೂಲೆಂಟ್, ಬ್ರೇಕ್ ದ್ರವ, ಎಲ್ಲ ಬೆಲ್ಟು ಮತ್ತು ಹೋಸ್ ಬದಲಿಸಿ ತಾರೀಕು ಬರೆದಿಡಿ. ಗುಜರಿಯಲ್ಲಿ ಇನ್ನೊಂದು ರೋಡ್‌ಮಾಸ್ಟರ್ ಕಂಡರೆ ಆಮೇಲೆ ಬಂದರಾಯಿತು ಅನ್ನಬೇಡಿ. ಹಿಂಬಾಗಿಲ ಗಾಜು, ಬೀಗ, ಮೂರನೇ ಸೀಟಿನ ಕೊಂಡಿಗಳನ್ನು ಅವತ್ತೇ ಬಿಚ್ಚಿಸಿಕೊಂಡು ಬನ್ನಿ. ನನ್ನ ಗ್ಯಾರೇಜಿನ ಅಟ್ಟದಲ್ಲಿ ಕಂಬಳಿ ಸುತ್ತಿಟ್ಟ ಅಂಥ ಗಾಜೊಂದಿದೆ. ಉತ್ತರದ ರಾಜ್ಯಗಳಲ್ಲಿರುವವರು ರಸ್ತೆಗೆ ಉಪ್ಪು ಬೀಳುವ ಮುಂಚೆ, ಅಕ್ಟೋಬರ್ ಮುಗಿಯುವುದರೊಳಗೆ, ತಳವನ್ನು ತೊಳೆಸಿ ಪೂರ್ತಿ ಒಣಗಿಸಿ ಎಣ್ಣೆಯ ಲೇಪ ಹೊಡೆಸಿ. ಚಳಿಗಾಲದಲ್ಲಿ ಹಿಮ ಕರಗಿದ ದಿನವೆಲ್ಲ ತಳಕ್ಕೊಮ್ಮೆ ನೀರು ಹಾಯಿಸಿ.